ಡಿಕ್ಕಿಯಲ್ಲಿದ್ದ ವೂಫರ್

ಗಂಡನ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ಬೆಳಗ್ಗೆ ಎಂದಿನಂತೆ ಹಾಲು ಬಂತು, ಪೇಪರ್ ಬಂತು. ಮೇದಿನಿ ಉಪ್ಪಿಟ್ಟು ಮಾಡಿದಳು. ತಿಂದು ಕೈ ತೊಳೆದ ಅತ್ತೆ, "ಅವನ ಕಾರಲ್ಲಿರೋ ಆಂಪ್ಲಿಫೈಯರ್ ಅಂಗಡಿಯವರದಂತೆ. ಎರವಲು ವಸ್ತು ನಮಗ್ಯಾಕೆ, ನಡಿ ಕೊಟ್ಬರೋಣ" ಎಂದರು.

ಗಂಡನದೆಂದು ಮೇದಿನಿ ಉಳಿಸಿಕೊಳ್ಳಬೇಕೆಂದಿದ್ದುದು ಕಾರಿನ ಡಿಕ್ಕಿಯಲ್ಲಿದ್ದ ದೊಡ್ಡ ಸ್ಪೀಕರಿನ, ಅವನ ವೂಫರಿನ, ಆ ಧಿಂ ಧಿಂ ಸದ್ದೊಂದನ್ನೇ. ಅತ್ತೆಯೋ, ಅದು ಕೇಳಿಸಿದಾಗಲೆಲ್ಲ "ಆರಿಸೋ ಮಾರಾಯ" ಎಂದು ಮಗನಿಗೆ ಬೈಯುತ್ತಿದ್ದವರು.

ಕಾರ್ ಸ್ಟೀರಿಯೋ ಅಂಗಡಿಯ ಯೂನುಸ್ ಆಂಪ್ಲಿಫೈಯರ್ ಬಿಚ್ಚಿಕೊಂಡ. "ಇದಿಲ್ಲದಿದ್ರೆ ವೂಫರ್ ಬರೀ ಡಬ್ಬ ಅಮ್ಮ. ಅದನ್ನೂ ತೆಗೆದುಬಿಡ್ಲಾ? ಲಗೇಜಿಗೆ ಜಾಗ ಆಗುತ್ತೆ."

ಬೇಡವೆನ್ನಲು ಮೇದಿನಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೇಳಿದರು, "ನೀನು ಕೊಟ್ಟಿದ್ದು ಎಷ್ಟು ವ್ಯಾಟಿಂದು?"

"ನೂರು. ದೊಡ್ಡದು ತಗೊಳ್ಳೋ ತನಕ ಇರಲಿ ಅಂತ ಒಯ್ದಿದ್ರು."

"ಆ ಡಬ್ಬಕ್ಕೆ ಎಷ್ಟು ಬೇಕು?"

"ಮುನ್ನೂರು."

"ಅದಕ್ಕೇ ಜೋರು ಮಾಡಿದಾಗೆಲ್ಲ ಗರಗರ ಅಂತಿತ್ತು. ಆ ಗರಗರಕ್ಕೇ ನಾನು ಆರಿಸು ಅಂತಿದ್ದಿದ್ದು. ಭಜನಾ ಮಂಡಳಿ ಮೈಕ್ ಸೆಟ್ ನೋಡ್ಕೊಳ್ಳೋ ನಂಗೆ ಅಷ್ಟೂ ಗೊತ್ತಾಗಲ್ವಾ? ಇದನ್ನ ನೀನಿಟ್ಕೊಂಡು, ಮುನ್ನೂರರದ್ದು ಹಾಕಿಕೊಡಪ್ಪ."