ಚಿಕ್ಕ ಪುಸ್ತಕದ ಸೇನಾಪತಿ

ಹೊಸ ಪುಸ್ತಕದ ಅಂಟಿನ ವಾಸನೆ ಬಂದರೆ ಇವತ್ತಿಗೂ ನನಗೆ ಕೊಪ್ಪದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಚಳವಳಿಗೆ ಸೇರಿ ಜೈಲಿಗೆ ಹೋಗಿದ್ದರು. ಸ್ಕೂಲಿನಲ್ಲಿ ಮಕ್ಕಳು ಅದನ್ನೇ ಆಡಿಕೊಳ್ಳುತ್ತಿದ್ದರೆಂದು ತಾತ ನನ್ನನ್ನೂ ಆರು ವರ್ಷದ ತಮ್ಮನನ್ನೂ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದರು. ಆ ವಾರ ಅವರು ಮೈಸೂರಿನಿಂದ ಗ್ರೀಸ್ ದೇಶದ ಹಳೆಯ ಸೇನಾಪತಿಯೊಬ್ಬನ ಜೀವನಚರಿತ್ರೆ ತಂದಿದ್ದರು. ಚರಿತ್ರೆ ಒಂದೇ, ಪುಸ್ತಕ ಎರಡು. ಒಂದು ದಪ್ಪ ರಟ್ಟಿನದು, ಇನ್ನೊಂದು ಮಕ್ಕಳಿಗೆಂದು ಅಚ್ಚು ಮಾಡಿದ ತೆಳ್ಳನೆಯದು. ದಪ್ಪ ಪುಸ್ತಕದಲ್ಲಿ ಸೇನಾಪತಿ ಸೆರೆಮನೆಯಲ್ಲೇ ಸಾಯುತ್ತಿದ್ದ. ತೆಳ್ಳನೆಯದು ಅವನನ್ನು ಸೆರೆಗೆ ಒಯ್ಯುವಲ್ಲಿಗೆ ಮುಗಿಯುತ್ತಿತ್ತು.

"ಚಿಕ್ಕದನ್ನೇ ಓದ್ಸಿ ಮಾವ," ಎಂದಳು ಅವ್ವ, ರಾಗಿ ಕೇರುತ್ತಾ.

"ಅರ್ಧ ಕತೆ ಯೋಳೋದು ಸುಳ್ಳು ಯೋಳ್ದಂಗೆ ಕಣಮ್ಮ," ಎಂದರು ತಾತ.

"ಇವ್ರಪ್ಪ ಬರೋಗಂಟ ಸುಳ್ಳೇ ಇರ್ಲಿ ಬುಡಿ."

ತಾತ ದಪ್ಪ ಪುಸ್ತಕವನ್ನು ಪಕ್ಕಕ್ಕಿಟ್ಟು ತೆಳ್ಳನೆಯದನ್ನು ಓದಿದರು. ಮುಗಿದಾಗ ತಮ್ಮ ಕೇಳಿದ: "ಆಮೇಲೆ ಅವ್ನು ಮನೇಗೆ ಬಂದ್ನಾ ತಾತ?"

ತಾತ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಲೇ ಇದ್ದರು.

"ಬಂದ ಕಣ್ಲಾ," ಎಂದಳು ಅವ್ವ.

"ಯಾವಾಗ?"

ಅವ್ವ ತಲೆ ತಗ್ಗಿಸಿ ಮತ್ತೆ ರಾಗಿ ಕೇರತೊಡಗಿದಳು. ಹಿಂದಿನ ದಿನವೇ ನಾನು ಅಟ್ಟದ ಮೇಲೆ ಕೂತು ದಪ್ಪ ಪುಸ್ತಕದ ಕೊನೆಯನ್ನು ಓದಿಬಿಟ್ಟಿದ್ದೆ.

"ಉಗಾದಿಗೆ ಬಂದ ಕಣ್ಲಾ," ಎಂದೆ.

ಅವ್ವ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. ಬಯ್ಯುತ್ತಾಳೆಂದುಕೊಂಡೆ. ಅವಳು ಹೊಟ್ಟು ಮೆತ್ತಿದ ಕೈಯಿಂದ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ತಮ್ಮನಿಗೆ ಹೇಳಿದಳು: "ಊಂ ಕಣಪ್ಪ, ಉಗಾದಿಗೇ ಬಂದ."