ಹಿಂದಿನ ಸೀಟು

ಕೃಷ್ಣೆ ಸೇತುವೆಗಳನ್ನೆಲ್ಲ ನುಂಗಿದ ಮೇಲೆ ಆ ಸೀಮೆಯಲ್ಲಿ ಮನೆಗೊಂದು ವಿಮಾನ ಮಾಳಿಗೆಯ ಮೇಲೆ ನಿಂತಿರುತ್ತಿತ್ತು. ದ್ಯಾಮವ್ವ ತನ್ನದನ್ನು ತಾನೇ ಕಟ್ಟಿದ್ದಳು. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ವೈರು, ಕನೆಕ್ಟರು ಮಾತ್ರ ಬಾಕಿಯಿದ್ದವು; ಅವನ್ನು ಕೊಳ್ಳಲು ಅಂಗಡಿಗೆ ಬಂದಿದ್ದಳು.

“ಹೆಣ್ಮಕ್ಕಳ ವಿಮಾನಕ್ಕ ಇದು ಸಾಕವ್ವಾ. ಕನೆಕ್ಟರ್ ಯಾಕ? ತಿರುವಿ ಟೇಪ್ ಸುತ್ತು,” ಎಂದು ಅಂಗಡಿಯ ರಾಚಪ್ಪ ವೈರಿನ ಒಂದು ಸುರುಳಿ ಎಸೆದ.

ದ್ಯಾಮವ್ವ ಬ್ಲೇಡಿನಿಂದ ವೈರಿನ ತುದಿ ಸುಲಿದಳು. ಹೊರಗೆ ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ಕು, ಒಳಗೆ ನಾಲ್ಕೇ ಎಳೆ ತಾಮ್ರ.

“ಆತ್ರಿ, ಇದನ್ನ ಕೊಡ್ರಿ. ನಾಳೆ ಮುಂಜಾನೆ ನಮ್ಮ ಮಾಳಗಿಗೆ ಬರ್ರಿ. ವೈರ್ ಮಾರಿದವರು ಮೊದಲ ಹಾರಾಟದಾಗ ಹಿಂದಿನ ಸೀಟಿಗೆ ಕೂಡ್ರೋದು ಊರ ಪದ್ಧತಿ.”

“ಅದು ಗಂಡಸರ ವಿಮಾನಕ್ಕಷ್ಟ!”

“ನಂದೂ ಅಷ್ಟ ಎತ್ತರದಿಂದ ಬೀಳತೈತ್ರಿ.”

ಅಂಗಡಿ ಕಟ್ಟೆಯ ಮೇಲಿದ್ದವರೆಲ್ಲ ಇತ್ತ ತಿರುಗಿದರು. ರಾಚಪ್ಪ ಒಳಗೆ ಹೋಗಿ, ನೂರಾರು ಸಣ್ಣೆಳೆಗಳ ದಪ್ಪ ತಾಮ್ರದ ವೈರನ್ನೂ ಬಂಗಾರದ ಲೇಪವಿದ್ದ ಕನೆಕ್ಟರುಗಳನ್ನೂ ತಂದಿಟ್ಟ.

“ಇನ್ನ ನಾ ಬರೋದು ಬ್ಯಾಡಲ್ಲ?”

“ಈಗೂ ಬರಬೇಕ್ರಿ.”

ರಾಚಪ್ಪ ಇಕ್ಕಳ ತೆಗೆದು ಕನೆಕ್ಟರನ್ನು ವೈರಿಗೆ ತಾನೇ ಒತ್ತಿ ಕೂಡಿಸಿದ. ಗೋಡೆಗೆ ಕಾಲು ಕೊಟ್ಟು ಜಗ್ಗಿ ನೋಡಿದ. ಕನೆಕ್ಟರು ಕಳಚಲಿಲ್ಲ. ಬೆವರು ಒರೆಸಿಕೊಂಡು ಇನ್ನೊಮ್ಮೆ ಜಗ್ಗಿದ.