ಹುಲ್ಲಿನ ಕೊನೆಯ ಕಂತೆ

“ಯಾರಯ್ಯ ಅದು ಮೇಲೆ? ಇಳಿ ಕೆಳಗೆ!” ಎಂದು ಶಾಲಾ ಇನ್‌ಸ್ಪೆಕ್ಟರು ಅಂಗಳದಿಂದ ಕೂಗಿದಾಗ, ಬಾಳೂರಿನಾಚೆಯ ಆ ಶಾಲೆಯ ಮಾಡಿನ ಮೇಲೆ ಕೂತಿದ್ದ ಗಿಡ್ಡಪ್ಪನ ಕೈಯಲ್ಲಿ ಹುಲ್ಲಿನ ಕೊನೆಯ ಕಂತೆಯಿತ್ತು. ಹೊದಿಸಲು ಉಳಿದದ್ದು ಒಂದೇ ಮೂಲೆ.

“ಶಾಲೆ ಕಟ್ಟಿದಾಗಿಂದ ಮಳೆಗಾಲಕ್ಕೆ ಮುಂಚೆ ಊರವ್ರೇ ಹೊದಿಸೋದು ಸ್ವಾಮಿ,” ಎಂದರು ಚೌಡಯ್ಯ ಮೇಷ್ಟ್ರು.

“ಅದೆಲ್ಲ ಹಳೇ ಮಾತು ಮೇಷ್ಟ್ರೇ. ಈ ವರ್ಷದಿಂದ ಶಾಲೆ ಮಹಾರಾಜರ ಸರ್ಕಾರದ್ದು. ಬೆಂಗಳೂರಿಂದ ಮಂಜೂರಾತಿ ಬರೋವರೆಗೆ ಯಾರೂ ಮುಟ್ಟೋ ಹಾಗಿಲ್ಲ.”

“ಅಲ್ಲೀವರೆಗೆ ಮಳೆ ಕಾಯ್ತದಾ?” ಎಂದಳು ಕೆಳಗಿನಿಂದ ಕಂತೆ ಎತ್ತಿಕೊಡುತ್ತಿದ್ದ ಸಿದ್ದಮ್ಮ. ಇನ್‌ಸ್ಪೆಕ್ಟರು ಗಿಡ್ಡಪ್ಪನಿಗೆ ಏಣಿಯತ್ತ ಕೈ ತೋರಿಸಿದರು.

ಮೇಷ್ಟ್ರ ಸಂಬಳ ಬೇಕಾದರೆ ಸರ್ಕಾರ ಕೊಡಲಿ, ಶಾಲೆ ಮಾತ್ರ ಊರಿನದೇ ಇರಲಿ ಎಂದು ಊರ ಸಭೆಯಲ್ಲಿ ಗಂಟಲು ಹರಿಯುವಂತೆ ಕೂಗಾಡಿದ್ದವನು ಇದೇ ಗಿಡ್ಡಪ್ಪ. ಈಗ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತೆರೆದ ಮೂಲೆಯಿಂದ ಕೆಳಗೆ ನೋಡಿದ. ಅದರ ನೇರ ಅಡಿಯಲ್ಲೇ ಅವನ ಮೊಮ್ಮಗಳು ಚೆನ್ನಿ, ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು, ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

ಏಣಿ ಇಳಿದು ಬಂದವನು ಮೈಮೇಲಿನ ಹುಲ್ಲನ್ನೂ ಕೊಡವಿಕೊಳ್ಳದೆ, ಆ ಕಂತೆಯನ್ನು ತಲೆಗೇರಿಸಿಕೊಂಡು ತನ್ನ ದನದ ಕೊಟ್ಟಿಗೆಯ ದಾರಿ ಹಿಡಿದ. ಚೆನ್ನಿ ಶಾಲೆಯ ಬಾಗಿಲಿಗೆ ಓಡಿಬಂದಳು. “ಅಜ್ಜಾ, ನಮ್ಮ ಮೂಲೆ ಹಾಗೇ ಉಳೀತಲ್ಲ!”

ಗಿಡ್ಡಪ್ಪ ತಿರುಗಿ ನೋಡಲಿಲ್ಲ. “ಅದು ನಮ್ದಲ್ಲ ಮಗಾ,” ಎಂದ.